ಬೀಗ ಹಾಕಿದರೆ ಮುಗಿಯಲಿಲ್ಲ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಮಸ್ಕತ್‌ಗೆ ಕೆಲಸ ಹುಡುಕಿಕೊಂಡು ಬರುವ ಹುಡುಗ ಹುಡುಗಿಯರನ್ನು ಸಂದರ್ಶನ ಮಾಡುವಾಗ ನಾನು ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತೇನೆ. ಕಂಪ್ಯೂಟರಿನ ಮೆಮೊರಿಯಲ್ಲಿರುವ ಒಂದೇ ಮಾಹಿತಿಯನ್ನು ಎರಡು ಪ್ರೋಗ್ರಾಮುಗಳು ಬಳಸುತ್ತಿವೆ. ಒಂದು ಓದುತ್ತಿರುವಾಗಲೇ ಇನ್ನೊಂದು ಅದನ್ನು ಅಳಿಸಲು ಬಂದರೆ ಏನು ಮಾಡುತ್ತೀರಿ? ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: “ಲಾಕ್ ಹಾಕ್ತೀನಿ ಮೇಡಂ.” ಸರಿ, ಹಾಕಿದಿರಿ. ಅಳಿಸುವ ಪ್ರೋಗ್ರಾಮಿಗೆ ಲಾಕ್ ಮೊದಲು ಸಿಕ್ಕಿತು. ಅದು ಅಳಿಸಿತು, ಲಾಕ್ ಬಿಟ್ಟಿತು. ಸರದಿಗೆ ಕಾದಿದ್ದ ಇನ್ನೊಂದು ಪ್ರೋಗ್ರಾಮು ಲಾಕ್ ಪಡೆದು ಒಳಗೆ ಬಂದರೆ ಅಲ್ಲಿ ಏನಿರುತ್ತದೆ? ಇಲ್ಲಿಗೆ ಮಾತು ನಿಂತುಹೋಗುತ್ತದೆ.

ಇದರಲ್ಲಿ ಆ ಮಕ್ಕಳ ತಪ್ಪಿಲ್ಲ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ನಾವು ಅವರಿಂದ ವರ್ಷವರ್ಷವೂ ಬರೆಸುವುದು, ದುಂಡು ಮೇಜಿನ ಸುತ್ತ ಕೂತು ಊಟಕ್ಕೆ ಕಾಯುವ ಐವರು ತತ್ತ್ವಜ್ಞಾನಿಗಳ ಸಮಸ್ಯೆಯನ್ನು. ಆ ಸಮಸ್ಯೆಯಲ್ಲಿ ಫೋರ್ಕುಗಳು ಎಂದೂ ಮಾಯವಾಗುವುದಿಲ್ಲ, ತತ್ತ್ವಜ್ಞಾನಿಗಳು ಊಟದ ನಡುವೆ ಎದ್ದು ಹೋಗುವುದಿಲ್ಲ. ನಿಜವಾದ ಕರ್ನಲ್‌ನಲ್ಲಿ ಇವೆರಡೂ ಪ್ರತಿ ಸೆಕೆಂಡೂ ನಡೆಯುತ್ತಿರುತ್ತವೆ. ನಮ್ಮ ಕಾಲೇಜುಗಳು ಲಾಕ್ ಕಲಿಸುತ್ತಿವೆ, ಲಾಕ್ ಕಾಯಬೇಕಾದ ವಸ್ತುವಿನ ಆಯುಷ್ಯದ ಬಗ್ಗೆ ಏನನ್ನೂ ಕಲಿಸುತ್ತಿಲ್ಲ. ಇದು ಬದಲಾಗಲೇಬೇಕು ಎಂಬುದು ನನ್ನ ವಾದ.

ಕರ್ನಲ್ ಎಂದರೆ ಯಂತ್ರಕ್ಕೂ ಆ್ಯಪ್‌ಗಳಿಗೂ ನಡುವೆ ಇರುವ ತಳದ ತಂತ್ರಾಂಶ. ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿಯೂ ಲೋಕದ ಬಹುಪಾಲು ಸರ್ವರ್‌ಗಳಲ್ಲಿಯೂ ಇರುವುದು ಲಿನಕ್ಸ್ ಕರ್ನಲ್. ನೀವು ಒಂದು ಕಡತ ತೆರೆದರೆ, ಒಂದು ಪೆನ್‌ಡ್ರೈವ್ ಚುಚ್ಚಿದರೆ, ಅದಕ್ಕೊಂದು ದಾಖಲೆಯನ್ನು ಕರ್ನಲ್ ತನ್ನ ಮೆಮೊರಿಯಲ್ಲಿ ಮಾಡಿಕೊಳ್ಳುತ್ತದೆ. ಆ ದಾಖಲೆಯ ವಿಳಾಸ ಕರ್ನಲ್‌ನ ಹತ್ತು ಕಡೆ ಇರಬಹುದು. ಕೆಲಸ ಮುಗಿದ ಮೇಲೆ ಯಾರೋ ಒಬ್ಬರು ಆ ಜಾಗವನ್ನು ಬಿಟ್ಟುಕೊಡಬೇಕು, ನಮ್ಮ ಭಾಷೆಯಲ್ಲಿ ‘ಫ್ರೀ’ ಮಾಡಬೇಕು. ಬಿಟ್ಟ ಮರುಕ್ಷಣವೇ ಕರ್ನಲ್ ಅದೇ ಜಾಗವನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಡಬಹುದು. ಹಳೆಯ ವಿಳಾಸ ಇನ್ನೂ ಕೈಯಲ್ಲಿರುವ ಭಾಗವೊಂದು ಅಲ್ಲಿ ಬರೆಯಲು ಹೋದರೆ ಬೇರೆಯವರ ಮಾಹಿತಿಯ ಮೇಲೆ ಬರೆದಂತಾಯಿತು. ಅದೃಷ್ಟ ಚೆನ್ನಾಗಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಕೆಟ್ಟಿದ್ದರೆ ನಿಲ್ಲದೆ ನಡೆಯುತ್ತದೆ, ಕಿಡಿಗೇಡಿಯೊಬ್ಬ ಆ ಖಾಲಿ ಜಾಗದಲ್ಲಿ ತನಗೆ ಬೇಕಾದ್ದನ್ನು ಇಟ್ಟು ಇಡೀ ಫೋನನ್ನು ವಶಮಾಡಿಕೊಳ್ಳುತ್ತಾನೆ.

ಒಮಾನ್‌ನಲ್ಲಿ ನನ್ನ ಕೆಲಸ ಲಾರಿಗಳಲ್ಲಿ ಕೂರಿಸುವ ಪೆಟ್ಟಿಗೆಗಳದ್ದು. ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಚಾಲಕ ಎಷ್ಟು ಹೊತ್ತಿನಿಂದ ವಿಶ್ರಾಂತಿಯಿಲ್ಲದೆ ಓಡಿಸುತ್ತಿದ್ದಾನೆ ಎಂಬುದನ್ನು ಅವು ಮಸ್ಕತ್‌ಗೆ ಕಳಿಸುತ್ತವೆ. ಆದಮ್ ದಾಟಿ ಹೈಮಾ ಕಡೆಗೆ ಹೋಗುವ ದಾರಿ ಕಲ್ಲುಹರಳಿನ ಬಯಲಿನಲ್ಲಿ ಗಂಟೆಗಟ್ಟಲೆ ಸಾಗುತ್ತದೆ. ಬೇಸಿಗೆಯಲ್ಲಿ ಕೆಟ್ಟು ನಿಂತ ಲಾರಿಯ ಪಕ್ಕ ಕಾಯುವುದೆಂದರೆ ಜೀವದ ಪ್ರಶ್ನೆ. ಆ ದಾರಿಯಲ್ಲೇ ನಮ್ಮ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿದ್ದವು. ಮಸ್ಕತ್‌ನ ಘಲಾದಲ್ಲಿರುವ ಕಚೇರಿಯಲ್ಲಿ, ಎಸಿಯ ತಂಪಿನಲ್ಲಿ, ಅದೇ ಪೆಟ್ಟಿಗೆ ತಿಂಗಳುಗಟ್ಟಲೆ ಓಡಿದರೂ ಒಮ್ಮೆಯೂ ನಿಲ್ಲುತ್ತಿರಲಿಲ್ಲ.

ವ್ಯತ್ಯಾಸ ಇದ್ದದ್ದು ಕುಲುಕಾಟದಲ್ಲಿ. ಪೆಟ್ಟಿಗೆಯೊಳಗಿನ ಯುಎಸ್‌ಬಿ ಮೋಡೆಮ್ ದಾರಿಯ ಅಲುಗಾಟಕ್ಕೆ ಒಂದು ಗಳಿಗೆ ಸಂಪರ್ಕ ಕಳೆದುಕೊಂಡು ಮತ್ತೆ ಕೂರುತ್ತಿತ್ತು. ಹೊರಗಿನ ಸಂಸ್ಥೆಯೊಂದು ಬರೆದುಕೊಟ್ಟಿದ್ದ ಡ್ರೈವರ್, ಅಂದರೆ ಮೋಡೆಮ್ ಅನ್ನು ನಡೆಸುವ ಕರ್ನಲ್‌ನ ಭಾಗ, ಮೋಡೆಮ್ ಕಳಚಿತು ಎಂದು ಗೊತ್ತಾದ ಕೂಡಲೇ ಅದರ ದಾಖಲೆಯನ್ನು ಫ್ರೀ ಮಾಡುತ್ತಿತ್ತು. ಆದರೆ ನಮ್ಮ ಪ್ರೋಗ್ರಾಮು ಅದೇ ದಾಖಲೆಯನ್ನು ತೆರೆದಿಟ್ಟುಕೊಂಡು ಡೇಟಾಗಾಗಿ ಕಾದು ಮಲಗಿರುತ್ತಿತ್ತು. ಎಚ್ಚರವಾದ ಮೇಲೆ ಅದು ಮಾಡುತ್ತಿದ್ದ ಮೊದಲ ಕೆಲಸ ಲಾಕ್ ಪಡೆಯುವುದು. ಆ ಲಾಕ್ ಇದ್ದದ್ದೂ ಅದೇ ದಾಖಲೆಯೊಳಗೆ! ವಸ್ತುವಿನ ಜೊತೆ ಅದರ ಲಾಕೂ ಹೋಗಿತ್ತು.

ನಾವು ಕೇಸ್ಯಾನ್ ಎಂಬ ಪರೀಕ್ಷಕವನ್ನು ಸೇರಿಸಿ ಕರ್ನಲ್ ಕಟ್ಟಿ, ಪ್ರೋಗ್ರಾಮು ಓಡುತ್ತಿರುವಾಗಲೇ ಮೋಡೆಮ್ ಕಿತ್ತೆವು. ಪರದೆಯ ಮೇಲೆ ಮೂರು ಪಟ್ಟಿಗಳು ಬಂದವು: ಈ ಜಾಗವನ್ನು ಈಗ ಮುಟ್ಟಿದವರು ಯಾರು, ಹಿಂದೆ ಪಡೆದಿದ್ದವರು ಯಾರು, ಬಿಟ್ಟುಕೊಟ್ಟವರು ಯಾರು. ವಾದಕ್ಕೆ ಜಾಗವೇ ಉಳಿಯಲಿಲ್ಲ. ಆ ಸಂಸ್ಥೆ ಕಳಿಸಿದ ತಿದ್ದುಪಡಿಯಲ್ಲಿ ಇನ್ನೊಂದು ಲಾಕ್ ಸೇರಿಸಲಾಗಿತ್ತು. ಅದರಿಂದ ಆದದ್ದು ಇನ್ನೂ ವಿಪರೀತ. ಲಾಕ್ ಹಿಡಿದುಕೊಂಡೇ ಪ್ರೋಗ್ರಾಮು ಡೇಟಾಗಾಗಿ ಮಲಗುವುದು, ಅದು ಲಾಕ್ ಬಿಡಲಿ ಎಂದು ಡ್ರೈವರ್ ಕಾಯುವುದು. ಇಬ್ಬರೂ ಕೊನೆವರೆಗೂ ಏಳುತ್ತಿರಲಿಲ್ಲ.

ಸರಿಯಾದ ಪರಿಹಾರ ಕರ್ನಲ್‌ನೊಳಗೇ ಇದೆ. ಯುಎಸ್‌ಬಿ-ಸ್ಕೆಲಿಟನ್ ಎಂಬ ಮಾದರಿ ಡ್ರೈವರ್ ಅನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಪ್ರತಿ ದಾಖಲೆಗೂ ಒಂದು ಎಣಿಕೆ ಇದೆ. ಬಳಸಲು ಬಂದವರು ಅದನ್ನು ಒಂದು ಏರಿಸಬೇಕು, ಮುಗಿಸಿದವರು ಒಂದು ಇಳಿಸಬೇಕು, ಸೊನ್ನೆಗೆ ತಂದವರು ಮಾತ್ರ ಫ್ರೀ ಮಾಡಬೇಕು. ಸಾಧನ ಕಳಚಿದರೆ ‘ಸಾಧನ ಹೋಯಿತು’ ಎಂದು ಗುರುತು ಹಾಕಿ ತನ್ನ ಪಾಲಿನ ಒಂದನ್ನು ಇಳಿಸುವುದಷ್ಟೇ ಡ್ರೈವರ್‌ನ ಕೆಲಸ. ಮಲಗಿದ್ದವರು ಎದ್ದು, ಲಾಕ್ ಪಡೆದು, ಗುರುತು ನೋಡಿ, ಮರ್ಯಾದೆಯಾಗಿ ಹಿಂದಿರುಗುತ್ತಾರೆ. ಹಾಗೆಂದು ಎಣಿಕೆಯೊಂದೇ ಸಾಕು ಎಂದುಕೊಳ್ಳಬಾರದು. ಪಟ್ಟಿಯಲ್ಲಿ ವಿಳಾಸ ಹುಡುಕಿ ಎಣಿಕೆ ಏರಿಸುವ ನಡುವಿನ ಕ್ಷಣದಲ್ಲಿ ಮತ್ತೊಬ್ಬರು ಅದನ್ನು ಸೊನ್ನೆಗೆ ಇಳಿಸಿಬಿಡಬಹುದು. ಆ ಕ್ಷಣವನ್ನು ಕಾಯಲು ಲಾಕ್ ಬೇಕೇ ಬೇಕು.

ಸರದಿ ಯಾರದು ಎಂಬುದು ಒಂದು ಪ್ರಶ್ನೆ, ವಸ್ತು ಇರುವುದು ಯಾರಿಗಾಗಿ, ಎಲ್ಲಿಯವರೆಗೆ ಎಂಬುದು ಬೇರೆ ಪ್ರಶ್ನೆ. ಒಮಾನ್‌ನವರು ಈ ಎರಡನ್ನೂ ನೀರಿನ ವಿಷಯದಲ್ಲಿ ಬಹಳ ಹಿಂದೆಯೇ ಬೇರ್ಪಡಿಸಿಕೊಂಡಿದ್ದಾರೆ. ಇಲ್ಲಿನ ಹಲವು ಊರುಗಳಿಗೆ ನೀರು ಬರುವುದು ಫಲಜ್ ಎಂಬ ಕಾಲುವೆಗಳಿಂದ. ಅಂಥ ಸುಮಾರು 3,000 ಕಾಲುವೆಗಳು ಇಂದಿಗೂ ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೀರಿನ ಸರದಿಯನ್ನು ‘ಅಥರ್’ ಎಂಬ ಸುಮಾರು ಅರ್ಧ ಗಂಟೆಯ ಅಳತೆಯಲ್ಲಿ ಹಂಚುತ್ತಾರೆ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಗಳಿಗೆ ಎಣಿಸುವ ಪದ್ಧತಿ ಇತ್ತು. ಇದು ಸರದಿಯ ಮಾತಾಯಿತು. ಯಾರ ಪಾಲು ಎಷ್ಟು, ಯಾವುದು ಮಸೀದಿಯದು, ಯಾವುದನ್ನು ಹರಾಜು ಹಾಕಿ ಕಾಲುವೆಯ ದುರಸ್ತಿಗೆ ಹಣ ಕೂಡಿಸಬೇಕು ಎಂಬುದರ ಲೆಕ್ಕವೇ ಬೇರೆ. ಅದರ ಹೊಣೆ ಫಲಜ್‌ನ ವಕೀಲ್‌ನದು, ಅಂದರೆ ಕಾಲುವೆಯ ಆಡಳಿತಗಾರನದು. ಪಾಲುದಾರ ತೀರಿಕೊಂಡರೆ ಪಾಲು ವಾರಸುದಾರರಿಗೆ ಹೋಗುತ್ತದೆ. ಅವನ ಸರದಿ ಮುಗಿಯಿತೆಂದು ಯಾರೂ ಕಾಲುವೆ ಮುಚ್ಚುವುದಿಲ್ಲ. ನಮ್ಮ ಡ್ರೈವರ್ ಮಾಡಿದ್ದು ಆ ಕೆಲಸವನ್ನೇ.

ಲಿನಕ್ಸ್ ಕೂಡ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರಗಳಿಗಾಗಿ 1996ರ 2.0 ಆವೃತ್ತಿಯಲ್ಲಿ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಹಾಕಿದರು. ಒಳಗೆ ಒಬ್ಬರೇ ಇರುವಾಗ ಯಾವ ವಸ್ತು ಯಾವಾಗ ಹೋಯಿತು ಎಂಬ ಚಿಂತೆ ಅಷ್ಟಾಗಿ ಇರಲಿಲ್ಲ. ಪ್ರೊಸೆಸರ್‌ಗಳು ಹೆಚ್ಚಿದಂತೆ ಆ ಲಾಕ್‌ಗಾಗಿ ಸಾಲುಗಟ್ಟಿ ಕಾಯುವುದೇ ಕೆಲಸವಾಯಿತು. ಅದನ್ನು ಒಡೆದು ಸಣ್ಣ ಸಣ್ಣ ಲಾಕ್‌ಗಳನ್ನಾಗಿ ಮಾಡುತ್ತ, 2011ರ 2.6.39 ಆವೃತ್ತಿಯಲ್ಲಿ ಪೂರ್ತಿ ತೆಗೆದುಹಾಕಿದರು. ಹದಿನೈದು ವರ್ಷದ ಕೆಲಸ ಅದು. ಲಾಕ್ ಒಡೆದಲ್ಲೆಲ್ಲ, ಈ ವಸ್ತು ಇನ್ನೂ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮೇಲೆದ್ದಿತು.

ಆ ಪ್ರಶ್ನೆಗೆ ಸಿಕ್ಕ ಅತ್ಯಂತ ಸುಂದರ ಉತ್ತರಗಳಲ್ಲಿ ಒಂದು ಲಿನಕ್ಸ್‌ಗೆ ಬಂದದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ನಮ್ಮ ಎಷ್ಟು ಜನ ವಿದ್ಯಾರ್ಥಿಗಳಿಗೆ ಇದು ಗೊತ್ತು? ಆರ್‌ಸಿಯು ಎಂಬ ಆ ವಿಧಾನವನ್ನು ಸೀಕ್ವೆಂಟ್ ಎಂಬ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತವರ ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ್ದರು. ಓದುವವರಿಗೆ ಅದರಲ್ಲಿ ಲಾಕ್‌ನ ಕಾಯುವಿಕೆಯೇ ಇಲ್ಲ. ಬದಲಿಸುವವರು ಹೊಸ ಪ್ರತಿ ಮಾಡಿ, ತಿದ್ದಿ, ಹಳೆಯದರ ಜಾಗಕ್ಕೆ ಹೊಸದರ ವಿಳಾಸ ಇಡುತ್ತಾರೆ. ಹಳೆಯ ಪ್ರತಿಯನ್ನು ಕೂಡಲೇ ಬಿಡುವುದಿಲ್ಲ, ಅದನ್ನು ಓದುತ್ತಿದ್ದಿರಬಹುದಾದ ಪ್ರತಿಯೊಬ್ಬರೂ ಹೊರಗೆ ಹೋದರೆಂದು ಖಾತ್ರಿಯಾಗುವವರೆಗೆ ಕಾಯುತ್ತಾರೆ. ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ದೀಪಂಕರ್ ಶರ್ಮಾ ಬರೆದ ಆರ್‌ಸಿಯು ಕೋಡ್ 2002ರ ಅಕ್ಟೋಬರ್‌ನಲ್ಲಿ 2.5.43 ಆವೃತ್ತಿಗೆ ಸೇರಿತು. ಅದೇ ಕೇಂದ್ರದ ಮನೀಶ್ ಸೋನಿ ಜೊತೆಗೂಡಿ, ಕಡತಗಳ ಹೆಸರು ಹುಡುಕುವ ಭಾಗವನ್ನು ಅದಕ್ಕೆ ಹೊಂದಿಸಿದರು. ಆರ್‌ಸಿಯು ಕಡತದ ತಲೆಬರಹದಲ್ಲಿ ಲೇಖಕರ ಸಾಲಿನಲ್ಲಿ ಶರ್ಮಾ ಅವರ ಹೆಸರಿದೆ. ಇಂದು ನೀವು ಫೋನಿನಲ್ಲಿ ಒಂದು ಫೋಟೊ ತೆರೆದರೂ ಆ ವಿಧಾನ ಒಳಗೆ ಕೆಲಸ ಮಾಡುತ್ತದೆ. ಬೆಂಗಳೂರನ್ನು ಐಟಿ ನಗರ ಎಂದು ಹೊಗಳುವವರು ಜಾಗದ ಬೆಲೆ, ಸಂಬಳದ ಪ್ಯಾಕೇಜು ಬಿಟ್ಟು ಇಂಥ ಕೆಲಸವನ್ನು ನೆನೆಯಬೇಕು.

ಇಷ್ಟೆಲ್ಲ ತಿಳಿದಿದ್ದೂ ತಪ್ಪುಗಳು ನಿಂತಿಲ್ಲ. 2016ರ ಜನವರಿಯಲ್ಲಿ ಬೆಳಕಿಗೆ ಬಂದ ಲೋಪವೊಂದರಲ್ಲಿ, ಕೀಲಿಗಳನ್ನು ಇಡುವ ಕರ್ನಲ್‌ನ ಭಾಗ ಎಣಿಕೆಯನ್ನು ಏರಿಸಿ ಇಳಿಸುವುದನ್ನು ಮರೆಯುತ್ತಿತ್ತು. ಎಣಿಕೆಗೆ ಇದ್ದದ್ದು 32 ಬಿಟ್. 429 ಕೋಟಿ ಚಿಲ್ಲರೆ ಸಲ ಏರಿಸಿದರೆ ಅದು ಸುತ್ತಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಯಾರೂ ಬಳಸುತ್ತಿಲ್ಲ ಎಂದುಕೊಂಡು ಕರ್ನಲ್ ಜಾಗ ಬಿಟ್ಟುಕೊಡುತ್ತಿತ್ತು. ಮರುವರ್ಷ 4.11 ಆವೃತ್ತಿಯಲ್ಲಿ, ತುದಿ ಮುಟ್ಟಿದರೆ ಸುತ್ತದೆ ಅಲ್ಲೇ ಅಂಟಿಕೊಳ್ಳುವ ಹೊಸ ಎಣಿಕೆ ಬಂತು. ಆಗ ಸ್ವಲ್ಪ ಮೆಮೊರಿ ಪೋಲಾಗುತ್ತದೆ, ಆಗಲಿ. ಬೇರೆಯವರ ಜಾಗದಲ್ಲಿ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು.

ನನ್ನನ್ನು ಹೆಚ್ಚು ಕಾಡುವುದು ಆಂಡ್ರಾಯ್ಡ್‌ನ ಬೈಂಡರ್ ಪ್ರಕರಣ. ಆ್ಯಪ್‌ಗಳು ಒಂದಕ್ಕೊಂದು ಮಾತಾಡಲು ಬಳಸುವ ಬೈಂಡರ್‌ನಲ್ಲಿ ಒಂದು ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಒಂದು ಎಳೆ) ಮುಗಿದಾಗ ಅದರ ದಾಖಲೆಯನ್ನು ಫ್ರೀ ಮಾಡುತ್ತಿದ್ದರು, ಆದರೆ ಆ ದಾಖಲೆಯೊಳಗಿನ ಕಾಯುವ ಸಾಲಿನ ವಿಳಾಸ ಕರ್ನಲ್‌ನ ಇನ್ನೊಂದು ಭಾಗದಲ್ಲಿ ಉಳಿದಿರುತ್ತಿತ್ತು. ನಮ್ಮ ಮೋಡೆಮ್‌ನ ಕತೆಯೇ. ಲಿನಕ್ಸ್‌ನಲ್ಲಿ 2018ರ ಆರಂಭದಲ್ಲೇ ಇದನ್ನು ಸರಿಪಡಿಸಿದ್ದರೂ ಎಷ್ಟೋ ಫೋನುಗಳಿಗೆ ಆ ತಿದ್ದುಪಡಿ ತಲುಪಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡದ ಮ್ಯಾಡಿ ಸ್ಟೋನ್ ಇದನ್ನು ಬಹಿರಂಗಪಡಿಸುವ ಹೊತ್ತಿಗೆ, ಕಿಡಿಗೇಡಿಗಳು ಅದನ್ನು ಬಳಸುತ್ತಿರುವ ಸುಳಿವು ಸಿಕ್ಕಿತ್ತು. ಅವರು ಕೊಟ್ಟ ಪಟ್ಟಿಯಲ್ಲಿ ಶಿಯೋಮಿಯ ರೆಡ್ಮಿ ಫೋನುಗಳಿದ್ದವು. ನಮ್ಮ ಊರುಗಳಲ್ಲಿಯೂ ಇಲ್ಲಿ ಮಸ್ಕತ್‌ನ ರುವಿಯ ಅಂಗಡಿಗಳಲ್ಲಿಯೂ ಜನಸಾಮಾನ್ಯರು ಕೊಳ್ಳುವ ಫೋನುಗಳವು. ಸಂಬಳ ಊರಿಗೆ ಕಳಿಸುವುದೂ, ಮಕ್ಕಳ ಮುಖ ನೋಡುವುದೂ ಅವರಿಗೆ ಆ ಫೋನಿನಲ್ಲೇ.

ರಸ್ಟ್ ಭಾಷೆ ಬಂದಿದೆಯಲ್ಲ, ಇನ್ನೇಕೆ ಚಿಂತೆ ಎಂದು ಕೇಳುವವರಿದ್ದಾರೆ. ರಸ್ಟ್‌ನಲ್ಲಿ ವಸ್ತುವಿನ ಆಯುಷ್ಯವನ್ನು ಕಂಪೈಲರ್ ತಾನೇ ಪರೀಕ್ಷಿಸುತ್ತದೆ. 2022ರ ಡಿಸೆಂಬರ್‌ನ 6.1 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ನನಗೂ ಸಂತೋಷವೇ. ಆದರೆ ಹಳೆಯ ಸಿ ಭಾಷೆಯ ಕೋಟಿಗಟ್ಟಲೆ ಸಾಲುಗಳು ಹಾಗೆಯೇ ಇವೆ, ನಾಳೆಯೂ ಇರುತ್ತವೆ. ಯಾರು ಯಾವುದನ್ನು ಎಲ್ಲಿಯವರೆಗೆ ಹಿಡಿದಿರುತ್ತಾರೆ ಎಂದು ಮೊದಲೇ ಯೋಚಿಸದವರಿಗೆ ರಸ್ಟ್ ಕಂಪೈಲರ್ ಹೆಜ್ಜೆಹೆಜ್ಜೆಗೂ ಅಡ್ಡ ನಿಲ್ಲುತ್ತದೆ.

ಕರ್ನಾಟಕದ ಆಪರೇಟಿಂಗ್ ಸಿಸ್ಟಮ್ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಬರುವ ಸೆಮಿಸ್ಟರ್‌ನಲ್ಲಿ ಒಂದು ಲ್ಯಾಬ್ ತರಗತಿಯನ್ನು ಇದಕ್ಕೆ ಕೊಡಿ. ಯುಎಸ್‌ಬಿ-ಸ್ಕೆಲಿಟನ್ ಕಡತವನ್ನು ಮುದ್ರಿಸಿ ಮಕ್ಕಳ ಕೈಗೆ ಕೊಟ್ಟು, ಪ್ರತಿ ಪಾಯಿಂಟರ್‌ನ ಪಕ್ಕದಲ್ಲಿ ಇದನ್ನು ಹಿಡಿದವರು ಯಾರು, ಬಿಡುವವರು ಯಾರು, ಆ ನಡುವೆ ಕಾಯುವ ಲಾಕ್ ಯಾವುದು ಎಂದು ಪೆನ್ನಿನಲ್ಲಿ ಬರೆಸಿ. ಆಮೇಲೆ ಅವರಿಂದಲೇ ಒಂದು ಚಿಕ್ಕ ಡ್ರೈವರ್ ಬರೆಸಿ, ಎಣಿಕೆ ಏರಿಸುವ ಒಂದು ಸಾಲನ್ನು ಬೇಕೆಂದೇ ಅಳಿಸಿ, ಕೇಸ್ಯಾನ್ ಇರುವ ಕರ್ನಲ್‌ನಲ್ಲಿ ಓಡಿಸಿ ನೋಡಲು ಹೇಳಿ. ಲ್ಯಾಪ್‌ಟಾಪಿನ ವರ್ಚುವಲ್ ಮಷೀನ್ ಇದಕ್ಕೆ ಧಾರಾಳ ಸಾಕು. ಬೇಕಾದ ತಂತ್ರಾಂಶವೆಲ್ಲ ಉಚಿತ, ಅನುಮತಿ ಯಾರಿಂದಲೂ ಬೇಕಿಲ್ಲ.