ಆರು ತಿಂಗಳ ಉಚಿತ ಸರ್ವರ್: ಖಾತೆ ತೆರೆಯುವ ಮುನ್ನ ಕ್ಯಾಲೆಂಡರ್ ನೋಡಿ

ರೆಸ್ಯುಮೆಯಲ್ಲಿ ಪ್ರಾಜೆಕ್ಟ್‌ನ ಲಿಂಕ್ ಹಾಕುವುದು ಈಗ ಎಲ್ಲರ ರೂಢಿ. ಸಂದರ್ಶನದ ದಿನ ಅದು ತೆರೆದುಕೊಳ್ಳುತ್ತದೆಯೇ ಎನ್ನುವುದು ಬೇರೆ ಮಾತು. ನನ್ನದು ತೆರೆಯಲಿಲ್ಲ. ಉಚಿತ ಅವಧಿ ಮುಗಿದು ಸರ್ವರ್ ನಿಂತಿದೆ ಎಂದು ತಿಳಿದದ್ದು, ಸಂದರ್ಶಕರು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಾಗಲೇ.

ಅಂದಿನಿಂದ ಕ್ಲೌಡ್ ಕಂಪನಿಗಳು ಹೊಸ ಸೌಲಭ್ಯ ಪ್ರಕಟಿಸಿದಾಗಲೆಲ್ಲ ‘ಉಚಿತ’ ಎಂಬ ಪದದ ಪಕ್ಕದ ಷರತ್ತನ್ನೇ ಮೊದಲು ಓದುತ್ತೇನೆ. ಹಾಗೆ ಓದಿದರೆ, ಅಮೆಜಾನ್ ವೆಬ್ ಸರ್ವಿಸಸ್ 2025ರ ಜುಲೈ 15ರಂದು ತಂದ ಬದಲಾವಣೆ ಕಲಿಯುವವರಿಗೆ ದೊಡ್ಡದು.

ಅದಕ್ಕೂ ಮುಂಚೆ ಹೊಸ ಖಾತೆಗೆ 12 ತಿಂಗಳ ಕಾಲ, ತಿಂಗಳಿಗೆ 750 ಗಂಟೆ ಸಣ್ಣ ಸರ್ವರ್ ಉಚಿತವಿತ್ತು. 31 ದಿನಕ್ಕೆ 744 ಗಂಟೆ. ಅಂದರೆ ಒಂದು ಸರ್ವರ್ ಹಗಲೂ ರಾತ್ರಿ ಓಡಬಹುದಿತ್ತು. ಎರಡನೆಯದನ್ನು ಶುರು ಮಾಡಿ ಮರೆತರೆ ಬಿಲ್ ಬರುತ್ತಿತ್ತು. ಅಪ್ಪನ ಕಾರ್ಡ್ ನಂಬರ್ ಕೊಟ್ಟು ಖಾತೆ ತೆರೆದವರಿಗೆ ಆ ಭಯ ಗೊತ್ತು.

ಈಗಿನ ‘ಫ್ರೀ ಪ್ಲಾನ್’ ಆ ಭಯವನ್ನು ತೆಗೆದಿದೆ, ಜೊತೆಗೆ ಅವಧಿಯನ್ನೂ ಕತ್ತರಿಸಿದೆ. ಖಾತೆ ತೆರೆದರೆ 100 ಡಾಲರ್ ಕ್ರೆಡಿಟ್, ಐದು ಕೆಲಸ ಮಾಡಿದರೆ ತಲಾ 20ರಂತೆ ಇನ್ನೊಂದು 100. ಆರು ತಿಂಗಳು ಕಳೆದರೆ ಅಥವಾ ಕ್ರೆಡಿಟ್ ಖಾಲಿಯಾದರೆ ಪ್ಲಾನ್ ಮುಗಿಯಿತು. ನಾವಾಗಿಯೇ ಪೇಯ್ಡ್ ಪ್ಲಾನ್‌ಗೆ ಹೋಗದ ಹೊರತು ಬಿಲ್ ಇಲ್ಲ. ಆದರೆ ಖಾತೆ ಮುಚ್ಚುತ್ತದೆ. ಡೇಟಾ ಮರಳಿ ಬೇಕೆಂದರೆ 90 ದಿನಗಳೊಳಗೆ ಪೇಯ್ಡ್ ಪ್ಲಾನ್‌ಗೆ ಬದಲಾಗಬೇಕು.

ಆ ಐದು ಕೆಲಸಗಳ ಪಟ್ಟಿ ಸ್ವಾರಸ್ಯಕರ. ಸರ್ವರ್, ಡೇಟಾಬೇಸ್, ಲ್ಯಾಂಬ್ಡಾ ಇರುವುದು ಸಹಜ. ನಾಲ್ಕನೆಯದು ಎಐ ಮಾದರಿಗಳನ್ನು ಬಳಸುವ ಬೆಡ್‌ರಾಕ್: ನಾವು ಯಾವುದಕ್ಕೆ ಒಗ್ಗಿಕೊಳ್ಳಬೇಕೆಂದು ಕಂಪನಿ ಬಯಸುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಐದನೆಯದು ಬಜೆಟ್ ಮಿತಿ ಹಾಕುವುದು. ಖರ್ಚಿನ ಮೇಲೆ ಕಣ್ಣಿಡಲು ಅಂಗಡಿಯವನೇ ದುಡ್ಡು ಕೊಟ್ಟ ಹಾಗೆ! ಐದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ಉಪಯೋಗಕ್ಕೆ ಬರುವುದು ಇದೇ ಎಂದು ನನ್ನ ಅನಿಸಿಕೆ.

ಉಚಿತ ಸೌಲಭ್ಯ ಕುಗ್ಗುವುದು ಹೊಸತೇನಲ್ಲ. ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಹೆರೋಕು, ದುರ್ಬಳಕೆಯ ಕಾರಣ ಕೊಟ್ಟು 2022ರ ನವೆಂಬರ್ 28ರಿಂದ ಉಚಿತ ಯೋಜನೆಯನ್ನೇ ನಿಲ್ಲಿಸಿತು. ಆಮೇಲೆ ಅದು ಕುಬರ್ನೆಟಿಸ್ ಆಧಾರಿತ ಹೊಸ ತಲೆಮಾರಿನ ವೇದಿಕೆ ತಂದಿತು. ದೊಡ್ಡ ಗ್ರಾಹಕರಿಗೆ ಅದು ಸುದ್ದಿ. ಕೈಯಲ್ಲಿ ಒಂದೇ ಪ್ರಾಜೆಕ್ಟ್ ಇರುವವರಿಗೆ ಅಲ್ಲ.

ಲೆಕ್ಕ ತಪ್ಪುವುದು ತಿಂಗಳುಗಳಲ್ಲಿ. ಆಗಸ್ಟ್‌ನಲ್ಲಿ ಲ್ಯಾಬ್ ಅಸೈನ್‌ಮೆಂಟ್‌ಗೆಂದು ಖಾತೆ ತೆರೆದರೆ ಫೆಬ್ರುವರಿಗೆ ಮುಗಿಯುತ್ತದೆ. ಪ್ರಾಜೆಕ್ಟ್ ವೈವಾ, ಆಫ್-ಕ್ಯಾಂಪಸ್ ಸಂದರ್ಶನ ಇರುವುದು ಆಮೇಲೆ. ಒಮ್ಮೆ ಗ್ರಾಹಕರಾಗಿದ್ದವರಿಗೆ ಈ ಪ್ಲಾನ್ ಮತ್ತೆ ಸಿಗುವುದಿಲ್ಲ.

ನಾನೀಗ ಪೋರ್ಟ್‌ಫೋಲಿಯೊ ಪುಟವನ್ನು ಗಿಟ್‌ಹಬ್ ಪೇಜಸ್‌ಗೆ ಸಾಗಿಸಿದ್ದೇನೆ. ಪ್ರಾಜೆಕ್ಟ್ ಓಡುವ ಎರಡು ನಿಮಿಷದ ವಿಡಿಯೊ ಕೋಡ್‌ನ ಜೊತೆಗೇ ಇದೆ. ಸರ್ವರ್ ಖಾತೆ ಇನ್ನೂ ತೆರೆದಿಲ್ಲ. ಮೊದಲ ಅರ್ಜಿ ಹಾಕುವ ವಾರ ತೆರೆಯುತ್ತೇನೆ.