ಏಳು ಗಂಟೆಗೆ ಹುಡುಗನನ್ನು ಬಿಡಿ

ರಾತ್ರಿ ಶಾಲೆಯಲ್ಲಿ ಓದುವ ಮುಂಬಯಿಯ ಹೋಟೆಲ್ ಹುಡುಗ ಎಸ್ಸೆಸ್ಸಿಯಲ್ಲಿ ಡುಮ್ಕಿ ಹೊಡೆದರೆ ಮೊದಲ ಹೊಣೆ ಅವನ ಧಣಿಯದು. ಎರಡನೆಯದು ಆ ಧಣಿ ಪದಾಧಿಕಾರಿಯಾಗಿರುವ ಸಮಾಜದ ಸಂಘದ್ದು. ಸರ್ಕಾರದ ಸರದಿ ಮೂರನೆಯದು. ಈ ಕ್ರಮವನ್ನು ಬೇಕೆಂದೇ ಹೀಗೆ ಇಟ್ಟಿದ್ದೇವೆ.

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಹೋಟೆಲಿನವರಿಗೆ ಅರ್ಧ ಮಾತ್ರ ಗೊತ್ತು. 14 ತುಂಬದವನನ್ನು ಇಟ್ಟುಕೊಳ್ಳಬಾರದು, ಅಷ್ಟೆ. ಹುಡುಗನ ಆಧಾರ್ ಕಾರ್ಡಿನ ಜೆರಾಕ್ಸು ಗಲ್ಲಾದ ಡ್ರಾಯರಿನಲ್ಲಿದ್ದರೆ ಧಣಿ ನಿಶ್ಚಿಂತ. ಉಳಿದರ್ಧವನ್ನು ಓದುವ ಗೋಜಿಗೆ ಯಾರೂ ಹೋಗಿಲ್ಲ. 14ರಿಂದ 18ರೊಳಗಿನವನನ್ನು ವಿರಾಮವೂ ಸೇರಿ ದಿನಕ್ಕೆ 6 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸಂಜೆ 7ರಿಂದ ಬೆಳಿಗ್ಗೆ 8ರ ತನಕ ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ. ಓವರ್‌ಟೈಮ್ ಇಲ್ಲ, ವಾರಕ್ಕೊಂದು ಪೂರ್ತಿ ರಜೆ. ರಾತ್ರಿ ಶಾಲೆಯ ಗಂಟೆ ಬಾರಿಸುವುದೂ ಹೆಚ್ಚುಕಡಿಮೆ ಅದೇ ಏಳರ ಹೊತ್ತಿಗೆ. ಕಾಯ್ದೆ ಹುಡುಗನನ್ನು ಶಾಲೆಯ ಮೆಟ್ಟಿಲ ತನಕ ತಂದು ಬಿಟ್ಟಿದೆ ಎಂದೇ ಹೇಳಬೇಕು.

ಎಂಟೂವರೆಗೆ ಯಾವುದಾದರೂ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿಗೆ ಹೋಗಿ ಕೂತು ನೋಡಿ. ಒಂದೇ ಕೈಯಲ್ಲಿ ನಾಲ್ಕು ನೀರಿನ ಗ್ಲಾಸು ಹಿಡಿದು ಬರುವ, ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದ, ಮೀಸೆ ಮೂಡದ ಹುಡುಗ ಕಾಣದಿದ್ದರೆ ಆ ಧಣಿಗೆ ನಮಸ್ಕಾರ. ಕಂಡರೆ, ಅಲ್ಲಿ ಕಾನೂನೂ ಶಾಲೆಯೂ ಒಟ್ಟಿಗೇ ಮುರಿದಿವೆ.

ಇದನ್ನು ಹೊರಗಿನವರು ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಆದರೆ ರಾತ್ರಿ ಶಾಲೆಯ ಬೆಲೆ ಈ ಊರಿನ ಕನ್ನಡಿಗರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು, ಬಂಟರ ಸಂಘ 1927ರದು. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಫೋರ್ಟಿನ ಕನ್ನಡ ಶಾಲೆಗಳು ಹುಟ್ಟಿದ್ದು ಯಾರ ದಾನಬುದ್ಧಿಯಿಂದಲೂ ಅಲ್ಲ, ತೀರದ ಅಗತ್ಯದಿಂದ. ಮಂಗಳೂರು ಕಡೆಯಿಂದ ಹಡಗು ಹತ್ತಿ ಬಂದ ಹುಡುಗರು ಹಗಲು ಕ್ಯಾಂಟೀನಿನಲ್ಲಿ ತಟ್ಟೆ ತೊಳೆದರು, ರಾತ್ರಿ ಮೆಟ್ರಿಕ್ಕಿಗೆ ಓದಿದರು. ಗುಮಾಸ್ತರಾದರು, ವಕೀಲರಾದರು, ಕೆಲವರು ಧಣಿಗಳೇ ಆದರು. 1946ರಲ್ಲಿ ಮೊಗವೀರ ಬ್ಯಾಂಕು, 1978ರಲ್ಲಿ ಭಾರತ್ ಬ್ಯಾಂಕು ಕಟ್ಟಿದ ಸಮಾಜಗಳು ಇವೇ.

ಈಗ ರಾತ್ರಿ ಶಾಲೆಗೆ ಮಕ್ಕಳೇ ಬರುವುದಿಲ್ಲ ಎನ್ನುತ್ತಾರೆ. ಬರುವುದಿಲ್ಲವೋ, ಬಿಡುವುದಿಲ್ಲವೋ? ಕರಾವಳಿಯ ಹುಡುಗ ಊರಲ್ಲೇ ಪಿಯುಸಿ ಮುಗಿಸುವ ಕಾಲ ಬಂದಿದೆ, ಸಂತೋಷ. ಅವನ ಜಾಗದಲ್ಲಿ ನಿಂತವನು ಯಾದಗಿರಿಯವನು, ಕಲಬುರಗಿಯವನು, ಇಲ್ಲವೇ ಝಾರ್ಖಂಡಿನವನು. ಅವನು ನಮ್ಮ ಜಾತಿಯವನಲ್ಲ. ಶಾಲೆ ಸೊರಗಿದ್ದಕ್ಕೆ ನೂರು ಕಾರಣ ಕೊಡುವವರು ಈ ಒಂದನ್ನು ಮಾತ್ರ ನುಂಗಿಕೊಳ್ಳುತ್ತಾರೆ.

ಸರ್ಕಾರದ ಪಾಲನ್ನು ಬೇಗ ಹೇಳಿ ಮುಗಿಸಬಹುದು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು 6ರಿಂದ 14 ವರ್ಷದವರಿಗೆ. ಓದುವ ಹಕ್ಕು ಮುಗಿಯುವುದೂ ದುಡಿಮೆಯ ಬಾಗಿಲು ತೆರೆಯುವುದೂ ಒಂದೇ ಹುಟ್ಟುಹಬ್ಬದಂದು. ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ನಾಕಾದಲ್ಲಿ ಕೂಲಿಗೆ ನಿಲ್ಲುವವನ ಮಗಳು ಅಲ್ಲಿ ಕಲಿತು ಒಂಬತ್ತನೆಯದಕ್ಕೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಎಷ್ಟೋ ಸಲ ಮನೆಯವರಿಗೇ ಬಿಟ್ಟಿದೆ.

ರಾತ್ರಿ ಶಾಲೆಯೊಳಗೂ ಸುಖವಿಲ್ಲ. ಹಗಲು ಶಾಲೆಯ ಕಟ್ಟಡ, ಸಣ್ಣ ಮಕ್ಕಳ ಬೆಂಚು, ಬೀಗ ಹಾಕಿದ ಪ್ರಯೋಗಶಾಲೆ. 2008ರಲ್ಲಿ ನಿಕಿತಾ ಕೇತ್ಕರ್ ಕಟ್ಟಿದ ಮಾಸೂಮ್ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳಿಗೆ ಪುಸ್ತಕ, ಊಟ, ಪ್ರಯೋಗದ ಸಾಮಾನು ಒದಗಿಸುವುದರಿಂದ ಶುರುಮಾಡಿ ಕೆಲಸಕ್ಕೆ ತಯಾರು ಮಾಡುವ ತನಕ ಬಂದಿದೆ. ಹಣವಂತ ಸಂಘಗಳಿಗೆ ಇದು ಕಷ್ಟವೇ? ಹತ್ತು ವರ್ಷ ದುಡಿದರೂ ಪಿಎಫ್ ಚೀಟಿ ಓದಲು ಬಾರದ ಹುಡುಗನಿಗೆ ಬೀಜಗಣಿತದ ಜತೆಗೆ ಅದನ್ನೂ ಕಲಿಸಬೇಕು. ಐಟಿಐಯಲ್ಲಿ ವೆಲ್ಡರ್, ವೈರ್‌ಮನ್‌ನಂಥ ಟ್ರೇಡಿಗೆ ಎಂಟನೆಯದು ಪಾಸಾದರೂ ಸಾಕು ಎಂದು ಅವನಿಗೆ ಹೇಳಿದವರು ಯಾರಿದ್ದಾರೆ?

ಧಣಿಗಳಿಗೂ ದಾರಿ ಇದೆ. ಅಪ್ರೆಂಟಿಸ್ ನಿಯಮ 2019ರಲ್ಲಿ ಸಡಿಲವಾಯಿತು. ನಾಲ್ಕು ಜನ ಕೆಲಸಗಾರರಿರುವ ಹೋಟೆಲೂ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು, ವಯಸ್ಸು 14 ಆಗಿದ್ದರಾಯಿತು. ಆಗ ‘ಪೋರ’ ಎನಿಸಿಕೊಂಡವನ ಕೈಗೆ ಕರಾರುಪತ್ರವೂ ಕೊನೆಗೊಂದು ಪ್ರಮಾಣಪತ್ರವೂ ಬರುತ್ತವೆ. ದಂಧೆ ಹಾಳಾಗುತ್ತದೆ ಎನ್ನುವವರು ರಾತ್ರಿ ಪಾಳಿಗೆ ದೊಡ್ಡವನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ.

ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿ ಸಂಘವೂ ತನ್ನ ಹೋಟೆಲ್ ಸದಸ್ಯರಿಂದ 18 ತುಂಬದ ಕೆಲಸಗಾರರ ಪಟ್ಟಿ ತರಿಸಿಕೊಳ್ಳಬೇಕು. ಅವರಲ್ಲಿ ಎಷ್ಟು ಜನ ಏಳಕ್ಕೆ ಹೊರಟರು, ಎಷ್ಟು ಜನ ಪರೀಕ್ಷೆಗೆ ಕೂತರು ಎಂಬ ಲೆಕ್ಕ ವಾರ್ಷಿಕ ಮಹಾಸಭೆಯ ವರದಿಯಲ್ಲಿ, ಸನ್ಮಾನಿತರ ಫೋಟೋಗಳಿಗಿಂತ ಮೊದಲಿನ ಪುಟದಲ್ಲಿ ಬರಬೇಕು. ಪಟ್ಟಿ ಕೊಡದವನಿಗೆ ಆ ವರ್ಷ ವೇದಿಕೆಯ ಮೇಲೆ ಕುರ್ಚಿ ಹಾಕಬಾರದು.