ಆರೋಗ್ಯ: ಗಡಿಯಲ್ಲಿರುವ ಸಕ್ಕರೆ ಮತ್ತು ಲಕ್ವ

ಪ್ರಶ್ನೆ: ನನ್ನ ಅಮ್ಮಿಗೆ 52 ವರ್ಷ. ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆ 114 ಬಂತು. ಇದು ಸಕ್ಕರೆ ಕಾಯಿಲೆಯಲ್ಲ, ಮಾತ್ರೆ ಬೇಡ ಎಂದರು ವೈದ್ಯರು. ಆದರೆ ಸಕ್ಕರೆ ಕಾಯಿಲೆ ಇಲ್ಲದ ನಮ್ಮ ಓಣಿಯ ಖಾಲಾ ಒಬ್ಬರಿಗೆ ಲಕ್ವ ಹೊಡೆದಿದೆ. ನನಗೆ ಭಯ. ಅಮ್ಮಿ ನಕ್ಕು ಸುಮ್ಮನಾಗುತ್ತಾರೆ. ಏನು ಮಾಡಲಿ?
- ಓರ್ವ ಸಹೋದರಿ, ಕಡಗಂಚಿ

ಉತ್ತರ: ವೈದ್ಯರು ಹೇಳಿದ್ದು ಸರಿ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. 100ಕ್ಕಿಂತ ಕಡಿಮೆಯಿದ್ದರೆ ಸಹಜ. ನಡುವಿನದು ಗಡಿ. ನಮ್ಮ ದೇಶದಲ್ಲಿ ಸುಮಾರು 13 ಕೋಟಿ 60 ಲಕ್ಷ ಜನ ಈ ಗಡಿಯಲ್ಲಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿ ಅಂದಾಜಿಸಿದೆ.

ಗಡಿಯಲ್ಲಿದ್ದವರಿಗೂ ಲಕ್ವದ ಅಪಾಯ ಸ್ವಲ್ಪ ಹೆಚ್ಚು. 7 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬರಿಹೊಟ್ಟೆಯ ಸಕ್ಕರೆ 110ರಿಂದ 125 ಇದ್ದವರಲ್ಲಿ ಈ ಅಪಾಯ ಶೇ. 21ರಷ್ಟು ಅಧಿಕ. ಅಂದರೆ ನೂರರಲ್ಲಿ 21 ಮಂದಿಗೆ ಲಕ್ವವಾಗುತ್ತದೆ ಎಂದಲ್ಲ. ಸಕ್ಕರೆ ಸಹಜವಿರುವ ನೂರು ಮಂದಿಯಲ್ಲಿ ಐವರಿಗೆ ಲಕ್ವವಾಗುವುದಾದರೆ ಇವರಲ್ಲಿ ಆರು ಮಂದಿಗೆ ಆಗಬಹುದು, ಅಷ್ಟೆ.

ಗಡಿ ಸಕ್ಕರೆ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಕೊಲೆಸ್ಟರಾಲ್ ಇರುತ್ತವೆ. ಇವೆಲ್ಲ ಸೇರಿ ರಕ್ತನಾಳಗಳನ್ನು ಕೆಡಿಸುತ್ತವೆ. ಲಕ್ವಕ್ಕೆ ಅತಿ ದೊಡ್ಡ ಕಾರಣ ರಕ್ತದೊತ್ತಡವೇ. ಆದ್ದರಿಂದ ಮೊದಲು ಅಮ್ಮಿಯ ಬಿಪಿ ನೋಡಿಸಿ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಉಚಿತ. ಬರಿಹೊಟ್ಟೆಯ ಪರೀಕ್ಷೆಯೊಂದೇ ಸಾಲದು. ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಪರೀಕ್ಷೆ ಅಥವಾ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ.

ಗಡಿಯಿಂದ ಹಿಂದಕ್ಕೆ ಬರಲು ಸಾಧ್ಯವಿದೆ. ಗಡಿಯಲ್ಲಿದ್ದವರ ಮೇಲೆ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಮೂರು ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಶೇ. 28ರಷ್ಟು ಕಡಿಮೆಯಾಯಿತು. ನಿಮ್ಮ ಸೀಮೆಯ ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ ಒಳ್ಳೆಯ ಊಟ. ರೊಟ್ಟಿಯ ಮೇಲೆ ಮತ್ತೆ ತಟ್ಟೆ ತುಂಬ ಅನ್ನ ಬೇಡ. ಚಹಾದ ಸಕ್ಕರೆ, ಉಪ್ಪಿನಕಾಯಿ ಕಡಿಮೆ ಮಾಡಿ. ರಮಝಾನಿನಲ್ಲಿ ಒಂದೆರಡು ಖರ್ಜೂರ ಸಾಕು. ಶರಬತ್ತು, ಭಜಿ ದಿನವೂ ಬೇಡ. ಮನೆಗೆಲಸ ಮಾಡಿದರೂ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ನೀವೂ ಜೊತೆಗೆ ಹೋದರೆ ಅಮ್ಮಿ ಇಲ್ಲವೆನ್ನಲಾರರು. ತಂಬಾಕು ಜಗಿಯುವ ಅಭ್ಯಾಸವಿದ್ದರೆ ಬಿಡಿಸಿ.

ಇನ್ನೊಂದು ಮಾತು ಮನೆಯವರೆಲ್ಲ ನೆನಪಿಡಬೇಕು. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ನಾಟಿ ಔಷಧಿ ಹುಡುಕುತ್ತ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಅದನ್ನು ಕಾಪಾಡುವುದೂ ಕರ್ತವ್ಯವೆಂದು ಅಮ್ಮಿಗೆ ಪ್ರೀತಿಯಿಂದ ತಿಳಿಸಿ ಹೇಳಿ. ಅಲ್ಲಾಹನು ಅವರಿಗೆ ಆರೋಗ್ಯ ಕರುಣಿಸಲಿ.